ಬೆರಳ ತುದಿಯಲ್ಲಿ ಕಾಳಿ ಕಣಿವೆ

ದಾಂಡೇಲಿಯ ಕಾಡು, ಗಣೇಶಗುಡಿಯ ಸೂಪಾ ಅಣೆಕಟ್ಟು, ಜೊಯಿಡಾ ತಾಲೂಕಿನ ಸಿಂಥೇರಿ ಬಂಡೆ, ಮುಂಡಗೋಡದ ಅತ್ತಿವೇರಿ ಪಕ್ಷಿಧಾಮ: ಇವುಗಳನ್ನು ಕಂಡು ಬಂದ ಕುಟುಂಬಗಳು ಅಲ್ಲಿ ತೆಗೆದ ಛಾಯಾಚಿತ್ರಗಳನ್ನು ಬಂಧುಗಳಿಗೆ ತೋರಿಸಿ ಸಂತೋಷಪಡುವುದು ವಾಡಿಕೆ. ಅದೇ ಮನೆಯಲ್ಲಿ ಹುಟ್ಟಿನಿಂದ ಕಣ್ಣು ಕಾಣದ ಮಗುವಿರಬಹುದು. ಮಧುಮೇಹದಿಂದಲೋ ಗ್ಲಾಕೋಮಾದಿಂದಲೋ ದೃಷ್ಟಿ ಕಳೆದುಕೊಂಡ ಅಜ್ಜ ಅಜ್ಜಿಯರಿರಬಹುದು. ಚಿತ್ರವು ಕೈಯಿಂದ ಕೈಗೆ ಸಾಗುವಾಗ ಅವರನ್ನು ದಾಟಿ ಮುಂದಕ್ಕೆ ಹೋಗುತ್ತದೆ. ಯಾರೂ ಇದನ್ನು ಬೇಕೆಂದು ಮಾಡುವುದಿಲ್ಲ. ಆದರೂ ಆ ಕ್ಷಣದಲ್ಲಿ ಅವರು ಮನೆಯೊಳಗಿದ್ದೂ ಹೊರಗಿನವರಾಗುತ್ತಾರೆ. ನಿಸರ್ಗದ ಚಿತ್ರವನ್ನು ಕೈಯಿಂದ ಮುಟ್ಟಿ ಅನುಭವಿಸುವ ಕೃತಿಯಾಗಿ ಮಾರ್ಪಡಿಸುವ ಕಲೆಯನ್ನು ಕುರಿತು ಈ ತಿಂಗಳು ನಾಲ್ಕು ಮಾತು ಹೇಳಬೇಕೆನಿಸಿದ್ದು ಇದೇ ಕಾರಣಕ್ಕೆ.

ಸ್ಪರ್ಶವು ನೋಟಕ್ಕಿಂತ ಕೀಳಾದುದೆಂಬ ಭಾವನೆ ಲೋಕದಲ್ಲಿದೆ. ನಮ್ಮ ಧರ್ಮವು ಅದನ್ನು ಒಪ್ಪುವುದಿಲ್ಲ. ನಾವು ಇಷ್ಟಲಿಂಗವನ್ನು ದೂರದಿಂದ ನೋಡಿ ಕೈಮುಗಿಯುವವರಲ್ಲ, ಕರಸ್ಥಲದಲ್ಲಿರಿಸಿಕೊಂಡು ಪೂಜಿಸುವವರು. ಷಟ್‌ಸ್ಥಲ ಸಿದ್ಧಾಂತದಲ್ಲಿ ಕಣ್ಣಿಗೆ ಶಿವಲಿಂಗವಿರುವಂತೆ ತ್ವಕ್ಕಿಗೆ ಜಂಗಮಲಿಂಗವಿದೆ. ರೂಪವನ್ನು ಅರ್ಪಿಸುವಂತೆಯೇ ಸ್ಪರ್ಶವನ್ನೂ ಲಿಂಗಕ್ಕೆ ಅರ್ಪಿಸಬೇಕೆಂಬುದು ಇದರ ಭಾವ. ಮುಟ್ಟಿ ಅರಿಯುವುದೂ ಅರಿವೇ.

ಮುಂಡಗೋಡದ ನೆರೆಯ ಹಾನಗಲ್ಲ ತಾಲೂಕಿನಲ್ಲಿ 1892ರಲ್ಲಿ ಜನಿಸಿದ ಪಂಚಾಕ್ಷರಿ ಗವಾಯಿಗಳು ಅಂಧರು. ಹಾನಗಲ್ಲ ಕುಮಾರ ಮಹಾಸ್ವಾಮಿಗಳ ಆಶ್ರಯದಲ್ಲಿ ಅವರು ಗಾನಯೋಗಿಗಳಾದರು. ಶೈಶವದಲ್ಲಿಯೇ ದೃಷ್ಟಿ ಕಳೆದುಕೊಂಡ ಪುಟ್ಟರಾಜ ಗವಾಯಿಗಳು (1914–2010) ಗುರುವಿನ ಹಾದಿಯಲ್ಲಿ ನಡೆದು, ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಅಸಂಖ್ಯ ಅಂಧ ಮಕ್ಕಳಿಗೆ ಅನ್ನವನ್ನೂ ವಿದ್ಯೆಯನ್ನೂ ನೀಡಿದರು. ಕಿವಿಯ ಮೂಲಕ, ವಾದ್ಯದ ಮೇಲಾಡುವ ಬೆರಳ ಮೂಲಕ ಸಂಗೀತವು ಅಂಧರ ಸ್ವತ್ತಾಯಿತು. ಆದರೆ ಚಿತ್ರಕಲೆಯ ಬಾಗಿಲು ಅವರಿಗೆ ಇನ್ನೂ ಅರ್ಧವಷ್ಟೇ ತೆರೆದಿದೆ.

ಆ ಬಾಗಿಲನ್ನು ತೆರೆಯುವ ಯತ್ನಗಳು ಹಲವೆಡೆ ನಡೆದಿವೆ. 2015ರಲ್ಲಿ ಸ್ಪೇನ್ ದೇಶದ ಮ್ಯಾಡ್ರಿಡ್ ನಗರದ ಪ್ರಾಡೋ ವಸ್ತುಸಂಗ್ರಹಾಲಯವು ಪ್ರಸಿದ್ಧ ವರ್ಣಚಿತ್ರಗಳನ್ನು ಉಬ್ಬುಚಿತ್ರಗಳಾಗಿ ಮಾಡಿಸಿ ಅಂಧರ ಕೈಗೆ ಒದಗಿಸಿತು. ಅದೇ ವರ್ಷ ದೆಹಲಿಯ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿ ‘ಅನುಭವ’ ಎಂಬ ಸ್ಪರ್ಶ ಗ್ಯಾಲರಿ ಆರಂಭವಾಯಿತು. ಬಿಸಿ ತಗಲಿದಾಗ ಕಪ್ಪು ಗೆರೆಗಳು ಮಾತ್ರ ಉಬ್ಬಿ ನಿಲ್ಲುವ ವಿಶೇಷ ಕಾಗದವೂ ಬಳಕೆಯಲ್ಲಿದೆ.

ಛಾಯಾಚಿತ್ರವನ್ನು ಇದ್ದಕ್ಕಿದ್ದಂತೆ ಉಬ್ಬಿಸಿದರೆ ಸಾಲದೇ ಎಂದು ಕೇಳಬಹುದು. ಸಾಲದು. ಕಣ್ಣು ಇಡೀ ದೃಶ್ಯವನ್ನು ಒಮ್ಮೆಗೇ ಹಿಡಿಯುತ್ತದೆ. ಬೆರಳು ತುಂಡು ತುಂಡಾಗಿ ಓದಿ, ಮನಸ್ಸಿನಲ್ಲಿ ಒಟ್ಟುಗೂಡಿಸಿಕೊಳ್ಳಬೇಕು. ಬ್ರೈಲ್ ಅಕ್ಷರದಲ್ಲಿ ಚುಕ್ಕೆಗಳ ನಡುವೆ ಸುಮಾರು 2.5 ಮಿಲಿಮೀಟರ್ ಅಂತರವಿರುವುದು ಸುಮ್ಮನೆ ಅಲ್ಲ. ಅದಕ್ಕಿಂತ ಬಹಳ ಒತ್ತೊತ್ತಾದರೆ ಬೆರಳಿಗೆ ಎಲ್ಲವೂ ಒಂದೇ ಮುದ್ದೆಯಾಗಿ ತೋರುತ್ತದೆ. ಕಾಡಿನ ಪ್ರತಿಯೊಂದು ಎಲೆಯನ್ನೂ ಉಬ್ಬಿಸಿದರೆ ಕಾಡೇ ಕಳೆದುಹೋಗುತ್ತದೆ. ಆದ್ದರಿಂದ ಇಲ್ಲಿ ಮೊದಲ ಕೆಲಸ ಬಿಡುವುದು, ಆಮೇಲಿನದು ಇಡುವುದು.

ಸಿಂಥೇರಿ ಬಂಡೆಯನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ. ಸುಮಾರು 300 ಅಡಿ ಎತ್ತರದ ಏಕಶಿಲೆ, ಅದರ ಬುಡದಲ್ಲಿ ಕಾನೇರಿ ಹೊಳೆ, ಸುತ್ತ ದಟ್ಟ ಕಾಡು, ಮೇಲೆ ಆಕಾಶ. ಈ ನಾಲ್ಕು ಸಾಕು. ಎರಡು ಅಂಗೈಗಳು ಅಗಲವಾಗಿ ಹರಿದಾಡುವಷ್ಟು ದೊಡ್ಡ ರಟ್ಟಿನ ಮೇಲೆ ಇವುಗಳ ಹೊರಗೆರೆಯನ್ನು ದಪ್ಪ ದಾರದಿಂದ ಅಂಟಿಸಬೇಕು. ಬಂಡೆಗೆ ಉಜ್ಜುಕಾಗದ, ಹೊಳೆಗೆ ರೇಷ್ಮೆಯ ತುಂಡು, ಕಾಡಿಗೆ ಗೋಣಿತಟ್ಟು. ಆಕಾಶವನ್ನು ಬರಿದಾಗಿಯೇ ಬಿಡಬೇಕು. ಮುಂದಿರುವುದನ್ನು ಎತ್ತರವಾಗಿಯೂ ಹಿಂದಿರುವುದನ್ನು ತಗ್ಗಾಗಿಯೂ ಮಾಡಿದರೆ ದೂರ ಸಮೀಪಗಳು ತಿಳಿಯುತ್ತವೆ. ಬಂಡೆಯ ಬುಡದಲ್ಲಿ ಬೆರಳುಗುರಿನಷ್ಟು ಚಿಕ್ಕ ಮನುಷ್ಯಾಕೃತಿಯೊಂದನ್ನಿಟ್ಟರೆ ಅದರ ಎತ್ತರ ತಾನಾಗಿ ಅರ್ಥವಾಗುತ್ತದೆ. ಆಮೇಲೆ ಪಕ್ಕದಲ್ಲಿ ಕುಳಿತು, ಕೈ ಎಲ್ಲಿದೆಯೋ ಅಲ್ಲಿನ ಮಾತನ್ನು ಮೆಲ್ಲನೆ ಹೇಳಬೇಕು. ಕೃತಿ ಸರಿಯಾಯಿತೇ ಎಂದು ತೀರ್ಪು ಹೇಳಬೇಕಾದವರು ನೋಡುವವರಲ್ಲ, ಮುಟ್ಟುವವರು.

ಈ ವಿದ್ಯೆಗೆ ಬೇಕಾದ ಕೈಗಳು ನಮ್ಮ ಸೀಮೆಯಲ್ಲಿಯೇ ಇವೆ. ಹಳಿಯಾಳ, ಮುಂಡಗೋಡ ಭಾಗಗಳ ಸಿದ್ದಿ ಸಮುದಾಯದ ತಾಯಂದಿರು ಹಳೆಯ ಬಟ್ಟೆಯ ತುಂಡುಗಳನ್ನು ಅಂಚಿನಿಂದ ನಡುವಿಗೆ ಹೊಲಿಯುತ್ತ ಬಂದು ಕೌದಿ ಮಾಡುತ್ತಾರೆ. ಮೂಲೆಗಳಲ್ಲಿ ಹೂವಿನಂತೆ ಮಡಿಸಿದ ಬಟ್ಟೆಯನ್ನು ಸೇರಿಸುತ್ತಾರೆ. ಅಂತಹ ಕೌದಿಯ ಮೇಲೆ ಕೈಯಾಡಿಸಿದರೆ ನೂಲಿನ ಸಾಲು, ಬಟ್ಟೆಯ ಅಂಚು, ಹತ್ತಿಯ ಮೆತ್ತನೆ, ಒಂದೊಂದೂ ಬೇರೆಯಾಗಿ ತಿಳಿಯುತ್ತದೆ. ನಮ್ಮ ಮನೆಗಳ ಹಿರಿಯ ಹೆಣ್ಣುಮಕ್ಕಳೂ ಕೌದಿ ಹೊಲಿದವರೇ. ಆ ಸೂಜಿಗೆ ಒಂದು ಬೆಟ್ಟ, ಒಂದು ಹೊಳೆಯನ್ನು ಹೊಲಿಯುವುದು ಕಷ್ಟವಲ್ಲ.

ಇದು ಮಕ್ಕಳ ವಿನೋದಕ್ಕೆ ಮಾತ್ರ ಎಂದು ಯಾರೂ ತಿಳಿಯಬಾರದು. ಕಾಳಿ ಮತ್ತು ಪಾಂಢರಿ ನದಿಗಳ ಸಂಗಮದಲ್ಲಿದ್ದ ಸೂಪಾ ಊರು, 101 ಮೀಟರ್ ಎತ್ತರದ ಅಣೆಕಟ್ಟು 1980ರ ದಶಕದಲ್ಲಿ ಪೂರ್ಣಗೊಂಡಾಗ ಹಿನ್ನೀರಿನಲ್ಲಿ ಮುಳುಗಿತು. ಆ ಊರನ್ನು ಬಿಟ್ಟು ಬಂದವರು ಇಂದು ವೃದ್ಧರು. ಊರು ನೀರಿನಡಿಗೆ ಸೇರಿತು. ಉಳಿದದ್ದು ಕೆಲವು ಹಳೆಯ ಚಿತ್ರಗಳು. ಕಣ್ಣು ಮಂದವಾದವರಿಗೆ ಆ ಚಿತ್ರಗಳೂ ಈಗ ಇಲ್ಲದಂತೆಯೇ. ಎರಡು ಹೊಳೆಗಳು ಕೂಡುವ ಸ್ಥಳವನ್ನು ಎರಡು ದಾರಗಳಿಂದ ಮಾಡಿ ಅವರ ಬೆರಳಿಗೆ ಒದಗಿಸಿದರೆ, ಮನೆ ಎಲ್ಲಿತ್ತು, ದಾರಿ ಯಾವ ಕಡೆಗೆ ಹೋಗುತ್ತಿತ್ತು ಎಂಬುದನ್ನು ಅವರೇ ನಮಗೆ ತೋರಿಸಿಯಾರು. ಆಗ ನೋಡುವ ನಾವು ಕೇಳುವವರಾಗುತ್ತೇವೆ, ಕಾಣದ ಅವರು ತೋರಿಸುವವರಾಗುತ್ತಾರೆ. ತಡಮಾಡಿದರೆ ಆ ನೆನಪೂ ಊರಿನ ಹಾದಿಯನ್ನೇ ಹಿಡಿಯುತ್ತದೆ.

ಅಂಗವಿಕಲರ ಹಕ್ಕುಗಳ 2016ರ ಕಾಯಿದೆಯು ಕಲೆಯು ಅವರಿಗೂ ಎಟಕುವಂತಿರಬೇಕೆಂದು ಹೇಳಿದೆ. ಕಾಯಿದೆ ಸರ್ಕಾರಕ್ಕೆ ಹೇಳಿದ್ದನ್ನು ಶರಣರು ಮನೆಮನೆಗೆ ಎಂದೋ ಹೇಳಿದ್ದಾರೆ. ದಾಸೋಹವೆಂದರೆ ಅನ್ನದಾಸೋಹವೊಂದೇ ಅಲ್ಲ. ನಮಗೆ ದೊರೆತ ಆನಂದವನ್ನು ಪಂಕ್ತಿಭೇದವಿಲ್ಲದೆ ಬಡಿಸುವುದೂ ದಾಸೋಹವೇ. ಬರುವ ಶ್ರಾವಣದಲ್ಲಿ ಮಠದ ಮಕ್ಕಳ ಶಿಬಿರಗಳಲ್ಲಿ, ಅಕ್ಕನ ಬಳಗಗಳಲ್ಲಿ ಇಂತಹ ಒಂದೊಂದು ಕೃತಿಯಾದರೂ ಸಿದ್ಧವಾಗಲಿ. ರಟ್ಟು, ಗೋಣಿ, ದಾರ, ಹಳೆಯ ರೇಷ್ಮೆಯ ಚೂರು ಯಾವ ಮನೆಯಲ್ಲಿಲ್ಲ? ಬೇಕಾದದ್ದು ಒಂದು ಮಧ್ಯಾಹ್ನದ ಬಿಡುವು, ಮತ್ತು ಪಕ್ಕದಲ್ಲಿ ಕುಳಿತು ಮಾತನಾಡುವ ಮನಸ್ಸು.