ಉದ್ರಿ ಪುಸ್ತಕವೂ ಬೊಕ್ಕಸವೂ

2020ನೆಯ ಇಸವಿಯ ಬೇಸಗೆಯಲ್ಲಿ ಬೆಂಗಳೂರಿನ ಕಟ್ಟಡದ ಕೆಲಸಗಳೆಲ್ಲ ಒಮ್ಮೆಗೇ ನಿಂತು, ದುಡಿಯಲು ಹೋಗಿದ್ದ ಕುಟುಂಬಗಳು ಗಂಟುಮೂಟೆ ಹೊತ್ತು ಊರಿಗೆ ಮರಳಿದ ತರುವಾಯ, ರಾಯಚೂರು ಸೀಮೆಯ ಒಂದು ಹಳ್ಳಿಯ ಕಿರಾಣಿ ಅಂಗಡಿಯಲ್ಲಿ ನಾನು ಕಂಡ ಉದ್ರಿ ಪುಸ್ತಕವು ಇಂದಿಗೂ ನನ್ನ ಕಣ್ಣ ಮುಂದಿದೆ. ಮೊದಲಿಗೆ ಪುಟದ ಮೇಲೆ ಪುಟ ಬರಿಯ ಬಾಕಿ. ಆಮೇಲೆ, ಊರ ಕೆರೆಯ ಹೂಳೆತ್ತುವ ಖಾತ್ರಿ ಕೆಲಸ ಮೊದಲಾಗಿ ದಿನಕ್ಕೆ 275 ರೂಪಾಯಿಯಂತೆ ಕೂಲಿ ಬರತೊಡಗಿದಂತೆ, ಒಂದೊಂದೇ ಹೆಸರಿನ ಮೇಲೆ ಅಡ್ಡಗೀಟು. ಅಂಗಡಿಯಾತನು ಆ ಹಣದಿಂದಲೇ ಪೇಟೆಯ ಸಗಟು ವ್ಯಾಪಾರಿಯ ಸಾಲವನ್ನು ತೀರಿಸಿ, ಎಣ್ಣೆ ಬೇಳೆಗಳನ್ನು ಹೊಸದಾಗಿ ತರಿಸಿದ್ದನು.

ಸಂಕಟದ ಕಾಲದಲ್ಲಿ ಎಲ್ಲರೂ ಏಕಕಾಲಕ್ಕೆ ಕೈ ಬಿಗಿಹಿಡಿದರೆ ಒಬ್ಬನ ಮಿತವ್ಯಯವು ಮತ್ತೊಬ್ಬನ ನಿರುದ್ಯೋಗವಾಗಿ ಪರಿಣಮಿಸುವುದರಿಂದ, ಅಂತಹ ಹೊತ್ತಿನಲ್ಲಿ ಸರ್ಕಾರವು ಸಾಲಮಾಡಿಯಾದರೂ ವೆಚ್ಚಕ್ಕೆ ಮುಂದಾಗತಕ್ಕುದೆಂಬುದು 1936ರಲ್ಲಿ ಪ್ರಕಟವಾದ ಕೇನ್ಸನ ಗ್ರಂಥದ ಸಾರಗಳಲ್ಲೊಂದು. ನಮ್ಮಲ್ಲಿ ಈಗ ವಿವಾದವಿರುವುದು ಬೊಕ್ಕಸದ ತೂಬನ್ನು ಯಾವ ಬಯಲಿನ ಕಡೆಗೆ ತೆರೆಯಬೇಕೆಂಬುದರಲ್ಲಿ.

2019ರ ಸೆಪ್ಟೆಂಬರ್ 20ರಂದು ಕೇಂದ್ರ ಸರ್ಕಾರವು, ವಿನಾಯಿತಿಗಳನ್ನು ಬಿಟ್ಟುಕೊಡುವ ಕಂಪನಿಗಳ ಆದಾಯ ತೆರಿಗೆಯನ್ನು ಶೇಕಡಾ 22ಕ್ಕೂ, ಹೊಸ ತಯಾರಿಕಾ ಕಂಪನಿಗಳದನ್ನು ಶೇಕಡಾ 15ಕ್ಕೂ ಇಳಿಸಿತು. ವರ್ಷಕ್ಕೆ 1.45 ಲಕ್ಷ ಕೋಟಿ ರೂಪಾಯಿಯ ಆದಾಯ ತಪ್ಪುವುದೆಂದು ಸರ್ಕಾರವೇ ಅಂದಾಜು ಮಾಡಿದ್ದಿತು. ತೆರಿಗೆ ಹಗುರವಾದರೆ ಕಾಲಾಂತರದಲ್ಲಿ ಕಾರ್ಖಾನೆಗಳು ಹೆಚ್ಚಬಹುದೆಂಬ ವಾದವನ್ನು ನಾನು ತಳ್ಳಿಹಾಕಲಾರೆ. ಆದರೆ ಮೋಟಾರು ವಾಹನಗಳು ಕೊಳ್ಳುವವರಿಲ್ಲದೆ ಮಳಿಗೆಗಳಲ್ಲಿ ನಿಂತಿದ್ದ ಆ ವರ್ಷ, ಇರುವ ಯಂತ್ರಗಳಿಗೇ ಕೆಲಸ ಸಾಲದಿದ್ದ ಒಡೆಯನು, ಉಳಿದ ತೆರಿಗೆಯಿಂದ ಹಳೆಯ ಸಾಲವನ್ನು ತೀರಿಸಿಕೊಳ್ಳುವನೇ ಹೊರತು ಮತ್ತೊಂದು ಯಂತ್ರವನ್ನು ಏತಕ್ಕೆ ಹೂಡಿಯಾನು? ಮರುವರ್ಷ ಉದ್ಯೋಗ ಖಾತ್ರಿಗೆ ಆಯವ್ಯಯದಲ್ಲಿ ದೊರೆತದ್ದು 61,500 ಕೋಟಿ, ಮೇ ತಿಂಗಳಲ್ಲಿ ಕೂಡಿಸಿದ್ದು 40,000 ಕೋಟಿ; ಎರಡೂ ಸೇರಿ ಆ ತೆರಿಗೆಯ ರಿಯಾಯಿತಿಗಿಂತ ಕಡಮೆ. ಆ ವರ್ಷ ಏಳು ಕೋಟಿಗೂ ಮಿಕ್ಕ ಕುಟುಂಬಗಳು ಖಾತ್ರಿಯ ಕೆಲಸಕ್ಕೆ ಬಂದವು.

ಆದಾಯ ತೆರಿಗೆಯನ್ನು ತೆರದವನಾದುದರಿಂದ ಈ ಕೂಲಿಕಾರನು ಬೊಕ್ಕಸಕ್ಕೆ ಭಾರವೆಂಬ ಮಾತನ್ನು ಕೇಳಿದಾಗಲೆಲ್ಲ ನನಗೆ ನೋವಾಗುತ್ತದೆ. ಅವನು ಅದೇ ಅಂಗಡಿಯಲ್ಲಿ ಕೊಂಡ ಮೈಸೋಪಿನ ಮೇಲೆ, 2025ರ ಸೆಪ್ಟೆಂಬರಿನಲ್ಲಿ ದರವು ಶೇಕಡಾ 5ಕ್ಕೆ ಇಳಿಯುವವರೆಗೂ, ಶೇಕಡಾ 18ರಷ್ಟು ಜಿಎಸ್‌ಟಿ ತೆರುತ್ತಿದ್ದನು. 2020ರ ಮೇ ತಿಂಗಳಲ್ಲಿ, ಜಗತ್ತಿನ ಪೇಟೆಯಲ್ಲಿ ಕಚ್ಚಾತೈಲ ಅಗ್ಗವಾಗಿದ್ದಾಗ, ಡೀಸೆಲ್ಲಿನ ಸುಂಕವನ್ನು ಲೀಟರಿಗೆ 13 ರೂಪಾಯಿ ಏರಿಸಿದ್ದರಿಂದ, ಆ ಅಗ್ಗದ ಫಲವೂ ಅವನ ಊರಿನ ಟ್ರ್ಯಾಕ್ಟರಿಗೆ ದಕ್ಕದೆ ಹೋಯಿತು.

ಕೂಲಿಯು 15 ದಿನಗಳೊಳಗೆ ಕೈಸೇರತಕ್ಕದ್ದೆಂದು ಖಾತ್ರಿ ಕಾಯಿದೆಯು ವಿಧಿಸಿದ್ದಿತು. ಹಣ ಬರುವುದು ತಡವಾದ ವಾರಗಳಲ್ಲಿ, ಅಡ್ಡಗೀಟೆಳೆದ ಅದೇ ಹೆಸರುಗಳನ್ನು ಅಂಗಡಿಯಾತನು ಆ ಪುಸ್ತಕದ ಹೊಸ ಪುಟದಲ್ಲಿ ಮತ್ತೆ ಬರೆದುಕೊಂಡಿದ್ದನು.