ಕೊನೆಯ ಹಂತ ಯಾಕೆ ಯಾವಾಗಲೂ ನಮ್ಮದು?



2021ರ ಆಗಸ್ಟ್ 23ಕ್ಕೆ 9ರಿಂದ 12ನೇ ಕ್ಲಾಸು ಶುರುವಾಯ್ತು, ಸೆಪ್ಟೆಂಬರ್ 6ಕ್ಕೆ 6ರಿಂದ 8. ಒಂದರಿಂದ ಐದನೇ ಕ್ಲಾಸಿನ ಮಕ್ಕಳು ಮಾತ್ರ ಆಗಲೂ ಮನೇಲೇ ಇದ್ದರು. 2020ರ ಮಾರ್ಚಿನಲ್ಲಿ ಒಂದನೇ ಕ್ಲಾಸಿದ್ದ ನಮ್ಮ ಕೇರಿಯ ಹುಡುಗಿ ಹಾಜರಿ ಪುಸ್ತಕದಲ್ಲಿ ಆಗ ಮೂರನೇ ಕ್ಲಾಸು. ಕಾಗುಣಿತ ಮರೆತಿದ್ದಳು.

ಹಂತ ಹಂತವಾಗಿ ತೆರೀಲಿ, ಒಪ್ತೀನಿ. ಆದರೆ ಪ್ರಾಥಮಿಕ ಶಾಲೆಗಳನ್ನೇ ಮೊದಲು ತೆರೆಯೋದು ಒಳ್ಳೇದು ಅಂತ ಐಸಿಎಂಆರ್ ಮುಖ್ಯಸ್ಥರು ಜುಲೈನಲ್ಲೇ ಹೇಳಿದ್ದರು. ಮೊಬೈಲ್ ಇದ್ದೋರ ಮಕ್ಕಳು ಆನ್‌ಲೈನಲ್ಲಿ ಕಲಿತರು. ನಮ್ಮವರಿಗೆ 2020ರಲ್ಲಿ ವಿದ್ಯಾಗಮ ಬಂತು. ಗುಡಿ ಜಗಲೀಲಿ ಪಾಠ ಅಂದ್ರೆ ನಮ್ಮ ಮಕ್ಕಳು ಎಲ್ಲಿ ಕೂರಬೇಕು ಸ್ವಾಮಿ? ಶಾಲೆ ಕೋಣೇಲಿ ಕೂರೋದು ಹಕ್ಕು, ಜಗಲೀಲಿ ಕೂರೋದು ಊರಿನವರ ಮರ್ಜಿ.

ಕಿಟಕಿ ಬಾಗಿಲು ತೆಗೀರಿ. ಅರ್ಧರ್ಧ ಮಕ್ಕಳನ್ನ ದಿನ ಬಿಟ್ಟು ದಿನ ಕರೀರಿ. ಮೇಷ್ಟ್ರಿಗೂ ಅಡುಗೆಯವರಿಗೂ ಎರಡೂ ಡೋಸ್ ಹಾಕಿಸಿ. ಬಿಸಿಯೂಟ ಮೊದಲ ದಿನದಿಂದಲೇ ಕೊಡಿ; ಮನೆಗೆ ಕೊಟ್ಟ ಅಕ್ಕಿ ಬೇಳೆ ಮನೆಮಂದಿಗೆಲ್ಲ ಹಂಚಿಹೋಗುತ್ತೆ. ಬರೀ ಗಂಟೆ ಹೊಡೆದರೆ ಸಾಲದು, ಹತ್ತಿ ಹೊಲಕ್ಕೆ, ಇಟ್ಟಿಗೆ ಗೂಡಿಗೆ ಹೋದ ಮಕ್ಕಳನ್ನ ಹುಡುಕಿಕೊಂಡು ಕೇರಿಗೆ ಬನ್ನಿ.

ಇನ್ನೊಂದು ಮಾತು. ಅಂತರದ ನೆಪದಲ್ಲಿ ನಮ್ಮ ಮಕ್ಕಳಿಗೆ ಬೇರೆ ಸಾಲು ಮಾಡಬೇಡಿ. ದೂರ ಕೂರೋದು ನಮಗೆ ಕೊರೋನಾ ಕಲಿಸಿದ್ದಲ್ಲ.