ಹುಡುಗಿಯರು ಕಲಿಯುವ ಬಗೆ, ಪಠ್ಯ ಕಟ್ಟುವ ಬಗೆ

ಹುಡುಗಿಯರಿಗೆ ಹುಡುಗರಿಗಿಂತ ಬೇರೆಯದೇ ಪಠ್ಯಕ್ರಮ ಬೇಕೆಂಬ ವಾದ ಭಾರತದಲ್ಲಿ ಬಹಳ ಹಳೆಯದು. 1882ರ ಹಂಟರ್ ಆಯೋಗವು ಹೆಣ್ಣುಮಕ್ಕಳ ಪ್ರಾಥಮಿಕ ಶಾಲೆಗಳ ಪಾಠ ಹುಡುಗರ ಪಾಠಕ್ಕಿಂತ ಸರಳವಾಗಿರಲಿ, ಮನೆವಾಳ್ತೆಗೆ ಹೊಂದುವಂತಿರಲಿ ಎಂದು ಸಲಹೆ ಮಾಡಿತು. ಅದಕ್ಕೂ ಒಂದು ವರ್ಷ ಮೊದಲು ಮೈಸೂರಿನಲ್ಲಿ ಆರಂಭವಾಗಿ, ಮುಂದೆ ಮಹಾರಾಣಿ ಕಾಲೇಜಾಗಿ ಬೆಳೆದ ಶಾಲೆಯಲ್ಲಿ ಸಂಗೀತಕ್ಕೂ ಪಾಠಪಟ್ಟಿಯಲ್ಲಿ ಜಾಗವಿತ್ತು. ದೊಡ್ಡ ಮನೆಗಳವರು ಮಗಳನ್ನು ಹೊಸ್ತಿಲು ದಾಟಿಸಲು ಒಪ್ಪಬೇಕಾದರೆ ಅಂಥದ್ದೊಂದು ಭರವಸೆ ಬೇಕಿತ್ತು. ಧೋಂಡೊ ಕೇಶವ ಕರ್ವೆ ಜಪಾನಿನ ಮಹಿಳಾ ವಿಶ್ವವಿದ್ಯಾಲಯದಿಂದ ಪ್ರೇರಣೆ ಪಡೆದು 1916ರಲ್ಲಿ ಪುಣೆಯಲ್ಲಿ ಮಹಿಳಾ ವಿಶ್ವವಿದ್ಯಾಲಯ ತೆರೆದಾಗ ಮಾತೃಭಾಷೆಯಲ್ಲಿ ಬೋಧನೆ ಇಟ್ಟರು, ಜೊತೆಗೆ ಗೃಹಶಾಸ್ತ್ರ, ಆರೋಗ್ಯಶಾಸ್ತ್ರಗಳನ್ನೂ ಇಟ್ಟರು. ಹುಡುಗಿ ಹೇಗೆ ಕಲಿಯುತ್ತಾಳೆ ಎಂಬ ಪ್ರಶ್ನೆ ಆಗ ಯಾರ ಮುಂದೆಯೂ ಇರಲಿಲ್ಲ. ಕಲಿತು ಎಲ್ಲಿಗೆ ಹೋಗುತ್ತಾಳೆ ಎಂಬುದು ಮೊದಲೇ ತೀರ್ಮಾನವಾಗಿತ್ತು, ಪಠ್ಯ ಅದರ ಹಿಂದೆ ಬಂತು.

ಸ್ವತಂತ್ರ ಭಾರತ ಆ ತೀರ್ಮಾನವನ್ನು ಮತ್ತೆ ಕೆದಕಿತು. ರಾಷ್ಟ್ರೀಯ ಸ್ತ್ರೀ ಶಿಕ್ಷಣ ಮಂಡಳಿ 1961ರಲ್ಲಿ ಹಂಸಾ ಮೆಹ್ತಾ ಅಧ್ಯಕ್ಷತೆಯಲ್ಲಿ ಒಂದು ಸಮಿತಿ ನೇಮಿಸಿತು. ಗಂಡು ಹೆಣ್ಣಿಗೆ ಬೇರೆ ಬೇರೆ ಪಠ್ಯಕ್ರಮ ಬೇಕೇ ಎಂಬ ಒಂದೇ ಪ್ರಶ್ನೆ ಅದರ ಮುಂದಿತ್ತು. ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಘೋಷಣೆಯಲ್ಲಿ ಪುರುಷರನ್ನಷ್ಟೇ ಸೂಚಿಸುತ್ತಿದ್ದ ಪದವನ್ನು ತೆಗೆಸಿ ಎಲ್ಲ ಮನುಷ್ಯರನ್ನೂ ಒಳಗೊಳ್ಳುವ ಪದ ಹಾಕಿಸಿದವರು ಇದೇ ಮೆಹ್ತಾ. ಪ್ರಜಾಪ್ರಭುತ್ವದ ಸಮಾಜದಲ್ಲಿ ಲಿಂಗವನ್ನು ನೋಡಿ ಪಾಠ ಹಂಚುವುದು ಸಲ್ಲ ಎಂಬುದು ಸಮಿತಿಯ ನಿಲುವಾಯಿತು. 1964-66ರ ಕೊಠಾರಿ ಆಯೋಗ ಇದನ್ನು ಒಪ್ಪಿ ಒಂದು ಹೆಜ್ಜೆ ಮುಂದಿಟ್ಟಿತು: ಗೃಹವಿಜ್ಞಾನವನ್ನು ಹುಡುಗಿಯರಿಗೆ ಕಡ್ಡಾಯ ಮಾಡಬಾರದು, ಗಣಿತ ಮತ್ತು ವಿಜ್ಞಾನ ಓದಲು ಅವರನ್ನು ಹುರಿದುಂಬಿಸಬೇಕು, ಆ ವಿಷಯಗಳನ್ನು ಕಲಿಸುವ ಶಿಕ್ಷಕಿಯರನ್ನು ತಯಾರು ಮಾಡಬೇಕು.

ಅಲ್ಲಿಗೆ ಮುಗಿಯಬೇಕಿದ್ದ ವಾದ ಹೊಸ ವೇಷದಲ್ಲಿ ಮರಳಿದ್ದು ಅಮೆರಿಕದಿಂದ. ಈ ಶತಮಾನದ ಮೊದಲ ದಶಕದಲ್ಲಿ ಲಿಯೊನಾರ್ಡ್ ಸ್ಯಾಕ್ಸ್, ಮೈಕೆಲ್ ಗುರಿಯನ್ ಮೊದಲಾದವರು ಮಿದುಳಿನ ಹೆಸರು ಹಿಡಿದು ಬರೆದರು. ಹುಡುಗಿಯರ ಕಿವಿ ಸೂಕ್ಷ್ಮ, ಆದ್ದರಿಂದ ಮೆಲುದನಿಯಲ್ಲಿ ಪಾಠ ಮಾಡಬೇಕು ಎಂಬಂಥ ಸಲಹೆಗಳು ಹೊರಟವು. ತರಗತಿಗಳನ್ನೇ ಬೇರ್ಪಡಿಸಿದ ಸರ್ಕಾರಿ ಶಾಲೆಗಳೂ ಅಲ್ಲಿ ಹುಟ್ಟಿಕೊಂಡವು. ಆದರೆ ಪುರಾವೆ ಈ ಮಾತುಗಳ ಬೆನ್ನಿಗೆ ನಿಲ್ಲಲಿಲ್ಲ. ಮನಶ್ಶಾಸ್ತ್ರಜ್ಞೆ ಜಾನೆಟ್ ಹೈಡ್ 2005ರಲ್ಲಿ 46 ಸಮಗ್ರ ವಿಶ್ಲೇಷಣೆಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ಗಂಡು ಹೆಣ್ಣಿನ ನಡುವೆ ಅಳೆದ ವ್ಯತ್ಯಾಸಗಳಲ್ಲಿ ಶೇ. 78ರಷ್ಟು ಅತ್ಯಲ್ಪ ಅಥವಾ ಶೂನ್ಯಕ್ಕೆ ಸಮೀಪವಾಗಿದ್ದವು. ದೊಡ್ಡ ಅಂತರ ಕಂಡಿದ್ದು ಚೆಂಡನ್ನು ದೂರ ಎಸೆಯುವಂಥ ಕೆಲಸಗಳಲ್ಲಿ; ಅದನ್ನು ನಂಬಿ ಬೀಜಗಣಿತದ ಪಾಠ ಬರೆಯಲು ಬರುವುದಿಲ್ಲ. ಹೈಡ್ ಮತ್ತು ಸಂಗಡಿಗರು 2014ರಲ್ಲಿ 21 ದೇಶಗಳ 16 ಲಕ್ಷ ವಿದ್ಯಾರ್ಥಿಗಳನ್ನು ಒಳಗೊಂಡ 184 ಅಧ್ಯಯನಗಳನ್ನು ಪರಿಶೀಲಿಸಿದರು. ಮನೆಯ ಸ್ಥಿತಿಗತಿ, ಮೊದಲಿನ ಅಂಕ ಇವನ್ನೆಲ್ಲ ಲೆಕ್ಕಕ್ಕೆ ತೆಗೆದುಕೊಂಡ ಒಳ್ಳೆಯ ಅಧ್ಯಯನಗಳಲ್ಲಿ ಬಾಲಕಿಯರ ಶಾಲೆಗೂ ಸಹಶಿಕ್ಷಣದ ಶಾಲೆಗೂ ಹೇಳಿಕೊಳ್ಳುವಂಥ ಅಂತರ ಸಿಗಲಿಲ್ಲ.

ಇದಕ್ಕೆ ಎದುರುಸಾಕ್ಷಿಯೂ ಇದೆ, ಅದನ್ನು ಮುಚ್ಚಿಡುವುದು ನ್ಯಾಯವಲ್ಲ. ದಕ್ಷಿಣ ಕೊರಿಯಾದ ಸಿಯೋಲ್‌ನಲ್ಲಿ ಮಕ್ಕಳನ್ನು ಪ್ರೌಢಶಾಲೆಗಳಿಗೆ ಚೀಟಿ ಎತ್ತಿದಂತೆ ಹಂಚುವ ಪದ್ಧತಿ 1970ರ ದಶಕದಲ್ಲಿ ಬಂತು. ಅಲ್ಲಿ ಬಾಲಕಿಯರ ಶಾಲೆಗೆ ಬಿದ್ದ ಹುಡುಗಿಯರು ಸಹಶಿಕ್ಷಣದ ಶಾಲೆಯವರಿಗಿಂತ ತುಸು ಮೇಲಿದ್ದರು. ಆದರೆ ಬಾಲಕರ ಶಾಲೆಗೆ ಬಿದ್ದ ಹುಡುಗರೂ ಹಾಗೆಯೇ ಮೇಲಿದ್ದರು. ಎರಡೂ ಕಡೆ ಓದಿದ್ದು ಅದೇ ರಾಷ್ಟ್ರೀಯ ಪಠ್ಯ. ಹಾಗಾಗಿ ಲಾಭ ಎಲ್ಲಿಂದ ಬಂದರೂ ಹುಡುಗಿಯರಿಗೆಂದು ಬರೆದ ಪಾಠದಿಂದ ಬಂದದ್ದಲ್ಲ.

ಹಾಗಾದರೆ ಹುಡುಗಿಯರನ್ನು ಮನಸ್ಸಿನಲ್ಲಿಟ್ಟು ಪಠ್ಯ ಕಟ್ಟುವುದು ವ್ಯರ್ಥವೇ? ಜರ್ಮನಿಯ ಕೀಲ್ ನಗರದ ವಿಜ್ಞಾನ ಶಿಕ್ಷಣ ಸಂಸ್ಥೆಯ ಕೆಲಸ ನೋಡಿದವರು ಹಾಗೆ ಹೇಳಲಾರರು. ಅಲ್ಲಿನ ಸಂಶೋಧಕರು 1980ರ ದಶಕದಲ್ಲಿ ಭೌತಶಾಸ್ತ್ರದ ಬಗ್ಗೆ ಶಾಲಾ ಮಕ್ಕಳ ಆಸಕ್ತಿಯನ್ನು ವರ್ಷಗಟ್ಟಲೆ ಅಳೆದರು. ಪಂಪು ಕೆಲಸ ಮಾಡುವ ತತ್ವವನ್ನು ನೆಲದಾಳದಿಂದ ಪೆಟ್ರೋಲಿಯಂ ಎತ್ತುವ ಯಂತ್ರದ ಮೂಲಕ ತೋರಿಸಿದರೆ ಹುಡುಗಿಯರ ಆಸಕ್ತಿ ಮಂಕಾಗಿತ್ತು. ಅದೇ ತತ್ವವನ್ನು ರಕ್ತ ಹರಿಸುವ ಕೃತಕ ಹೃದಯದ ಮೂಲಕ ತೋರಿಸಿದರೆ ಅದು ಏಕಾಏಕಿ ಏರಿತು. ಹುಡುಗರ ಆಸಕ್ತಿಯೂ ಇದರಿಂದ ಕುಗ್ಗಲಿಲ್ಲ. ಪೀಟರ್ ಹಾಯ್ಸ್‌ಲರ್ ಮತ್ತು ಲೋರೆ ಹಾಫ್‌ಮನ್ ಈ ಹೊಳಹಿನ ಮೇಲೆ ಏಳನೇ ತರಗತಿಯ ಭೌತಶಾಸ್ತ್ರ ಪಾಠಗಳನ್ನು ಹೊಸದಾಗಿ ಹೆಣೆದು ತರಗತಿಗಳಲ್ಲಿ ಪರೀಕ್ಷಿಸಿ, 2002ರಲ್ಲಿ ಫಲಿತಾಂಶ ಪ್ರಕಟಿಸಿದರು. ಹುಡುಗಿಯರ ಕಲಿಕೆ ಸುಧಾರಿಸಿತ್ತು, ಹುಡುಗರಿಗೂ ಲಾಭವಾಗಿತ್ತು. ಹುಡುಗಿಯರಿಗೆ ಹೊಂದಿಸಿದ ಭೌತಶಾಸ್ತ್ರ ಹುಡುಗರಿಗೂ ಹೊಂದುತ್ತದೆ, ಇದು ತಿರುಗುಮುರುಗಾಗಿ ನಿಜವಲ್ಲ ಎಂದು ಜರ್ಮನಿಯ ಶಿಕ್ಷಣತಜ್ಞ ಮಾರ್ಟಿನ್ ವಾಗನ್‌ಶೈನ್ ಬಹಳ ಹಿಂದೆಯೇ ಗಮನಿಸಿದ್ದರು.

ಇಲ್ಲಿ ಒಂದು ಹೊಂಡವಿದೆ. ಹುಡುಗಿಯರಿಗೆ ಹತ್ತಿರದ ಸಂದರ್ಭ ಎಂದೊಡನೆ ನಮ್ಮ ಪಠ್ಯ ರಚಿಸುವವರ ಕೈ ತಾನಾಗಿ ಕುಕ್ಕರಿನ ಕಡೆಗೆ, ಮಿಕ್ಸಿಯ ಕಡೆಗೆ ಹೋಗುತ್ತದೆ. ಕೀಲ್ ಸಮೀಕ್ಷೆಯ ಹುಡುಗಿಯರು ಅಡುಗೆಮನೆ ಕೇಳಿರಲಿಲ್ಲ. ಮನುಷ್ಯ ದೇಹ, ವೈದ್ಯಕೀಯ, ಬೆರಗು ಹುಟ್ಟಿಸುವ ನಿಸರ್ಗದ ವಿದ್ಯಮಾನಗಳು, ಕಲಿತದ್ದು ಸಮಾಜಕ್ಕೆ ಏನು ಮಾಡುತ್ತದೆ ಎಂಬುದು, ಇವು ಅವರನ್ನು ಸೆಳೆದಿದ್ದವು. ಕರ್ನಾಟಕದ ಪ್ರೌಢಶಾಲೆಯಲ್ಲಿ ದ್ರವದ ಒತ್ತಡಕ್ಕೆ ರಕ್ತದೊತ್ತಡ ಅಳೆಯುವ ಪಟ್ಟಿ, ಶಬ್ದಕ್ಕೆ ಗರ್ಭಿಣಿಯ ಸ್ಕ್ಯಾನಿಂಗ್, ಬೆಳಕಿನ ವಕ್ರೀಭವನಕ್ಕೆ ಅಜ್ಜಿಯ ಕಣ್ಣಿನ ಪೊರೆ ತೆಗೆದು ಹಾಕುವ ಮಸೂರ, ವಿದ್ಯುತ್ತಿಗೆ ಇಸಿಜಿ, ಅಂತರ್ಜಲಕ್ಕೆ ಕೋಲಾರದ ಬತ್ತಿದ ಕೊಳವೆಬಾವಿ: ಇಷ್ಟನ್ನು ಸೇರಿಸಲು ಪಠ್ಯದ ಒಂದು ಸೂತ್ರವನ್ನೂ ಕೈಬಿಡಬೇಕಿಲ್ಲ. ಪಾಠವನ್ನು ಸರಳ ಮಾಡುವುದು ಬೇರೆ, ಪಾಠಕ್ಕೆ ಬೇರೆ ಬಾಗಿಲು ಇಡುವುದು ಬೇರೆ. ಹಂಟರ್ ಕಾಲದವರು ಮಾಡಿದ್ದು ಮೊದಲನೆಯದನ್ನು.

ಪಾಠದ ವಿಷಯದಷ್ಟೇ ಮುಖ್ಯವಾದದ್ದು ಪ್ರಯೋಗದ ಮೇಜಿನ ಸುತ್ತ ಯಾರು ಏನು ಮಾಡುತ್ತಾರೆ ಎಂಬುದು. ಗುಂಪಿನಲ್ಲಿ ಹುಡುಗರು ತಂತಿ ಜೋಡಿಸಿ ಮೀಟರು ಹಿಡಿಯುವುದು, ಅಕ್ಷರ ಚೆಂದ ಎಂಬ ಕಾರಣಕ್ಕೆ ಹುಡುಗಿ ರೆಕಾರ್ಡ್ ಬರೆಯುವುದು ಬಹುತೇಕ ಶಾಲೆಗಳ ರೂಢಿ. ಇದೇ ಚಿತ್ರ ಹೊರದೇಶಗಳ ತರಗತಿಗಳನ್ನು ಗಮನಿಸಿದವರಿಗೂ ಕಂಡಿದೆ. ಕಂಪ್ಯೂಟರ್ ಕೊಠಡಿಯಲ್ಲಿ ಈ ಅಂತರ ಇನ್ನಷ್ಟು ಹಿಗ್ಗುತ್ತದೆ, ಏಕೆಂದರೆ ಮನೆಯಲ್ಲಿ ಯಂತ್ರದೊಡನೆ ಆಡಿ ಬಂದವನೇ ಅಲ್ಲಿ ಮೌಸ್ ಹಿಡಿಯುತ್ತಾನೆ. ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯ ಇದಕ್ಕೆ ಕಂಡುಕೊಂಡ ದಾರಿ ನೇರವಾದದ್ದು. ಮೊದಲೇ ಪ್ರೋಗ್ರಾಮಿಂಗ್ ಬಲ್ಲವರಿಗೆ ಸಿಗುತ್ತಿದ್ದ ಮುನ್ನಡೆಯನ್ನು ಅದು ಪ್ರವೇಶದಲ್ಲಿ ಕಡಿಮೆ ಮಾಡಿತು, ಅನುಭವವಿಲ್ಲದವರಿಗೆ ಪ್ರತ್ಯೇಕ ಆರಂಭಿಕ ಪಾಠ ಇಟ್ಟಿತು, ಈ ವಿದ್ಯೆಯಿಂದ ಜಗತ್ತಿನಲ್ಲಿ ಏನಾಗುತ್ತದೆ ಎಂಬುದನ್ನು ಮೊದಲ ವರ್ಷದಲ್ಲೇ ತೋರಿಸಿತು. ಕಂಪ್ಯೂಟರ್ ವಿಜ್ಞಾನಕ್ಕೆ ಸೇರುವವರಲ್ಲಿ ಹೆಣ್ಣುಮಕ್ಕಳ ಪಾಲು 1995ರಲ್ಲಿ ಶೇ. 7 ಇದ್ದದ್ದು 2000ದಲ್ಲಿ ಶೇ. 42ಕ್ಕೆ ಏರಿತು. ಐದು ವರ್ಷದಲ್ಲಿ ಯಾರ ಮಿದುಳೂ ಬದಲಾಗಿರಲಿಲ್ಲ.

ಎಲ್ಲ ಪ್ರಯೋಗಗಳೂ ಹೀಗೆ ಫಲ ಕೊಟ್ಟಿಲ್ಲ ಎಂಬುದನ್ನೂ ಹೇಳಬೇಕು. ಹಾರ್ವರ್ಡ್‌ನಲ್ಲಿ ಎರಿಕ್ ಮಜೂರ್ ಉಪನ್ಯಾಸವನ್ನು ಕಡಿಮೆ ಮಾಡಿ, ವಿದ್ಯಾರ್ಥಿಗಳು ಪರಸ್ಪರ ಚರ್ಚಿಸಿ ಕಲಿಯುವ ವಿಧಾನ ತಂದಾಗ ಭೌತಶಾಸ್ತ್ರದ ಮೂಲ ಪರಿಕಲ್ಪನೆಗಳಲ್ಲಿ ಗಂಡು ಹೆಣ್ಣಿನ ಅಂತರ ಮಾಯವಾದಂತೆ 2006ರ ವರದಿಯಲ್ಲಿ ಕಂಡಿತು. ಕೊಲರಾಡೊ ವಿಶ್ವವಿದ್ಯಾಲಯದಲ್ಲಿ ಅಂಥದೇ ವಿಧಾನ ಬಳಸಿದಾಗ ಎಲ್ಲರ ಕಲಿಕೆ ಹೆಚ್ಚಿತು, ಅಂತರ ಮಾತ್ರ ಉಳಿಯಿತು. ಗುಂಪು ಚರ್ಚೆ ಹುಡುಗಿಯರ ಹುಟ್ಟುಗುಣಕ್ಕೆ ಒಗ್ಗುತ್ತದೆ ಎಂದು ಹೇಳುವವರು ಈ ಎರಡನೆಯ ಫಲಿತಾಂಶವನ್ನು ಮರೆಯುತ್ತಾರೆ.

ಸ್ವಲ್ಪ ಮಟ್ಟಿಗೆ ಸ್ಥಿರವಾಗಿ ಕಾಣುವ ಒಂದು ವ್ಯತ್ಯಾಸವೆಂದರೆ ಘನಾಕೃತಿಯೊಂದನ್ನು ಮನಸ್ಸಿನಲ್ಲೇ ತಿರುಗಿಸಿ ನೋಡುವ ಸಾಮರ್ಥ್ಯ. ಸರಾಸರಿಯಲ್ಲಿ ಹುಡುಗರು ಇದರಲ್ಲಿ ಮುಂದೆ. ಆದರೆ ಇದು ಅಭ್ಯಾಸದಿಂದ ಬರುವ ವಿದ್ಯೆ: ಡೇವಿಡ್ ಉಟ್ಟಲ್ ಮತ್ತು ಸಂಗಡಿಗರು 2013ರಲ್ಲಿ ಪರಿಶೀಲಿಸಿದ 217 ಅಧ್ಯಯನಗಳಲ್ಲಿ ತರಬೇತಿಯಿಂದ ಗಂಡು ಹೆಣ್ಣು ಇಬ್ಬರೂ ಸುಧಾರಿಸಿದ್ದರು. ಅಮೆರಿಕದ ಮಿಚಿಗನ್ ಟೆಕ್ ವಿಶ್ವವಿದ್ಯಾಲಯದಲ್ಲಿ ಶೆರಿಲ್ ಸಾರ್ಬಿ ಇದಕ್ಕೆಂದೇ ರೂಪಿಸಿದ ಚಿಕ್ಕ ಪಾಠಕ್ರಮ ಎಂಜಿನಿಯರಿಂಗ್ ವಿದ್ಯಾರ್ಥಿನಿಯರು ಓದು ಬಿಡದಂತೆ ತಡೆಯಲು ನೆರವಾಯಿತು. ಪ್ರೌಢಶಾಲೆಯ ಘನಫಲ, ಮೇಲ್ಮೈ ವಿಸ್ತೀರ್ಣದ ಅಧ್ಯಾಯದಲ್ಲಿ ಸೂತ್ರ ಬಾಯಿಪಾಠ ಮಾಡಿಸುವ ಮೊದಲು ರಟ್ಟಿನ ಆಕೃತಿಗಳನ್ನು ಕತ್ತರಿಸಿ, ಬಿಡಿಸಿ, ಎಲ್ಲ ಕಡೆಯಿಂದ ಚಿತ್ರ ಬರೆಸಿದರೆ ಈ ತರಬೇತಿ ಬಿಟ್ಟಿಯಾಗಿ ಸಿಗುತ್ತದೆ.

ಗಮನಿಸಬೇಕಾದ ಇನ್ನೊಂದು ಅಂತರ ಇರುವುದು ಧೈರ್ಯದಲ್ಲಿ. ಹಲವು ದೇಶಗಳ ಶಾಲಾ ಮಕ್ಕಳಿಗೆ ನಡೆಯುವ ಪಿಸಾ ಪರೀಕ್ಷೆಯ 2012ರ ಅಂಕಿಗಳನ್ನು ಇಟ್ಟುಕೊಂಡು ಒಇಸಿಡಿ 2015ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಗಣಿತದ ಬಗ್ಗೆ ಒಂದೇ ಪ್ರಮಾಣದ ಆತ್ಮವಿಶ್ವಾಸ, ಒಂದೇ ಪ್ರಮಾಣದ ಆತಂಕ ಇರುವ ಹುಡುಗ ಹುಡುಗಿಯರನ್ನು ಹೋಲಿಸಿದರೆ ಅಂಕಗಳ ಅಂತರ ಇಲ್ಲವಾಗುತ್ತದೆ. ಈ ಅಳುಕು ಪ್ರಶ್ನೆಪತ್ರಿಕೆಯ ಸ್ವರೂಪದಲ್ಲಿ ನೇರವಾಗಿ ಹೊರಬೀಳುತ್ತದೆ. ತಪ್ಪು ಉತ್ತರಕ್ಕೆ ಅಂಕ ಕಡಿತವಿದ್ದರೆ, ಅಷ್ಟೇ ತಿಳಿದಿರುವ ಹುಡುಗಿ ಹುಡುಗನಿಗಿಂತ ಹೆಚ್ಚು ಪ್ರಶ್ನೆಗಳನ್ನು ಬಿಟ್ಟುಬಿಡುತ್ತಾಳೆ. ಚಿಲಿ ದೇಶ ಕಾಲೇಜು ಪ್ರವೇಶ ಪರೀಕ್ಷೆಯಲ್ಲಿ ಈ ಕಡಿತವನ್ನು ತೆಗೆದಾಗ ಹಾಗೆ ಬಿಡುವುದರಲ್ಲಿದ್ದ ಅಂತರ ಬಹುಪಾಲು ಇಳಿಯಿತು. ಕರ್ನಾಟಕದ ಸಿಇಟಿಯಲ್ಲಿ ಋಣಾತ್ಮಕ ಅಂಕವಿಲ್ಲ. ಜೆಇಇ ಮತ್ತು ನೀಟ್‌ನಲ್ಲಿ ಇದೆ. ಐಐಟಿಗಳು 2018ರಿಂದ ಹೆಣ್ಣುಮಕ್ಕಳಿಗಾಗಿ ಹೆಚ್ಚುವರಿ ಸೀಟು ಸೃಷ್ಟಿಸಿದವು, ಪರೀಕ್ಷೆಯಲ್ಲಿನ ಋಣಾತ್ಮಕ ಅಂಕವನ್ನು ಕೈಬಿಡಲಿಲ್ಲ. ಆ ಪದ್ಧತಿ ಬದಲಾಗುವವರೆಗೆ ಒಂಬತ್ತನೇ ತರಗತಿಯಿಂದಲೇ ಊಹಿಸುವ ಲೆಕ್ಕಾಚಾರವನ್ನು ಸಂಭವನೀಯತೆಯ ಪಾಠದ ಭಾಗವಾಗಿ ಕಲಿಸುವುದು ಜಾಣತನ. ನಾಲ್ಕರಲ್ಲಿ ಎರಡು ಆಯ್ಕೆ ತಪ್ಪೆಂದು ಖಚಿತವಾದರೆ, ಸರಿ ಉತ್ತರಕ್ಕೆ ನಾಲ್ಕು ಅಂಕ ಸಿಕ್ಕು ತಪ್ಪಿಗೆ ಒಂದು ಹೋಗುವ ನೀಟ್‌ನಂಥ ಪರೀಕ್ಷೆಯಲ್ಲಿ ಉತ್ತರಿಸುವುದೇ ಲಾಭ ಎಂಬುದು ಗಣಿತ, ಧೈರ್ಯದ ಮಾತಲ್ಲ.

ನಮ್ಮ ಎಸ್‌ಎಸ್‌ಎಲ್‌ಸಿ ಫಲಿತಾಂಶ ನೋಡಿದವರು ಹುಡುಗಿಯರಿಗೆ ಯಾವ ತೊಂದರೆಯೂ ಇಲ್ಲವೆಂದು ಭಾವಿಸಬಹುದು. 2024ರಲ್ಲಿ ಹುಡುಗಿಯರು ಶೇ. 81.11, ಹುಡುಗರು ಶೇ. 65.90 ತೇರ್ಗಡೆಯಾದರು. ಆದರೆ ಪಠ್ಯವನ್ನು ಒಪ್ಪವಾಗಿ ಓದಿ ಒಪ್ಪಿಸುವುದಕ್ಕೆ ಸಿಗುವ ಅಂಕ ಬೇರೆ, ಗೊತ್ತಿಲ್ಲದ ಲೆಕ್ಕಕ್ಕೆ ಕೈಹಾಕುವ ರೂಢಿ ಬೇರೆ. ಈಗಿನ ಪರೀಕ್ಷೆ ಮೊದಲನೆಯದನ್ನು ಚೆನ್ನಾಗಿ ಅಳೆಯುತ್ತದೆ, ಎರಡನೆಯದನ್ನು ಅಷ್ಟಾಗಿ ಅಳೆಯುವುದಿಲ್ಲ. ಅದೇ ಅಂಕಿ ಹುಡುಗರ ಬಗ್ಗೆಯೂ ಚಿಂತೆ ಹುಟ್ಟಿಸಬೇಕು, ಅದು ಇನ್ನೊಂದು ಅಂಕಣದ ವಿಷಯ.

ಪಠ್ಯ ಕಟ್ಟುವವರು ಕೊನೆಯಲ್ಲಿ ನೋಡಬೇಕಾದದ್ದು ಹುಡುಗಿಯ ದಿನಚರಿಯನ್ನು. 2019ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯಲ್ಲಿ ಮನೆಗೆಲಸದಲ್ಲಿ ತೊಡಗುವ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷ, ಗಂಡಸರು 97 ನಿಮಿಷ ಅದಕ್ಕೆ ಕೊಡುತ್ತಿದ್ದರು. ಈ ಸಮೀಕ್ಷೆ ಲೆಕ್ಕ ಹಿಡಿದದ್ದು ಆರು ವರ್ಷ ದಾಟಿದವರನ್ನೆಲ್ಲ, ಅಂದರೆ ಶಾಲೆಯ ಮಕ್ಕಳೂ ಅದರಲ್ಲಿದ್ದಾರೆ. ಸಂಜೆಯ ಹೊತ್ತನ್ನು ನಂಬಿದ ಮನೆಪಾಠ, ಚಾರ್ಟು, ಪ್ರಾಜೆಕ್ಟುಗಳ ಹೊರೆ ಇಬ್ಬರ ಮೇಲೂ ಸಮನಾಗಿ ಬೀಳುವುದಿಲ್ಲ. ಇನ್ನು ಸಂತಾನೋತ್ಪತ್ತಿಯ ಅಧ್ಯಾಯವನ್ನು ಮನೆಯಲ್ಲೇ ಓದಿಕೊಳ್ಳಿ ಎಂದು ದಾಟಿಸುವ ತರಗತಿಗಳು ಈಗಲೂ ಇವೆ. ರಾಜ್ಯ ಸರ್ಕಾರದ ಶುಚಿ ಯೋಜನೆ ನ್ಯಾಪ್‌ಕಿನ್ ಕೊಡುತ್ತದೆ, ಮುಟ್ಟು ಏಕೆ ಆಗುತ್ತದೆ ಎಂಬುದನ್ನು ಹೇಳಬೇಕಾದದ್ದು ಪಾಠ. ಅದನ್ನು ಹುಡುಗರ ಮುಂದೆಯೂ ಹೇಳಬೇಕು.

ಇವುಗಳಲ್ಲಿ ಹೆಚ್ಚಿನವಕ್ಕೆ ಹೊಸ ಪಠ್ಯಪುಸ್ತಕ ಬರುವವರೆಗೆ ಕಾಯಬೇಕಿಲ್ಲ. ಎಸ್‌ಎಸ್‌ಎಲ್‌ಸಿಯ ವಿಜ್ಞಾನ, ಗಣಿತಗಳಲ್ಲಿ ತಲಾ 20 ಆಂತರಿಕ ಅಂಕಗಳು ಶಾಲೆಯ ಕೈಯಲ್ಲೇ ಇವೆ. ಪ್ರಯೋಗದ ಗುಂಪಿನಲ್ಲಿ ಉಪಕರಣ ಹಿಡಿಯುವವರು, ರೆಕಾರ್ಡ್ ಬರೆಯುವವರು ಪ್ರತಿ ವಾರ ಬದಲಾಗಬೇಕು, ಮನೆಗೆ ಕಳಿಸುವ ಪ್ರಾಜೆಕ್ಟಿನ ಬದಲು ತರಗತಿಯಲ್ಲಿ ಮಾಡಿದ ಕೆಲಸಕ್ಕೆ ಆ ಅಂಕ ಸಲ್ಲಬೇಕು ಎಂದು ವಿಜ್ಞಾನ, ಗಣಿತ ಶಿಕ್ಷಕರು ಮುಖ್ಯ ಶಿಕ್ಷಕರೊಡನೆ ಕೂತು ನಿರ್ಧರಿಸಿದರೆ, ಬರುವ ಜೂನ್‌ನಿಂದಲೇ ಇದನ್ನು ಆರಂಭಿಸಬಹುದು.